ತಂಗಿ ಇದ್ದಂಗೆ

ಭದ್ರಮ್ಮ ಎನ್ನುವುದು ಹುಟ್ಟುವಾಗಲೇ ಮುದುಕಿಯಾಗಿದ್ದ ಹೆಸರು. ಮಾಕಳಿಯ ಆಂಜಿನಪ್ಪ ತನ್ನ ತಾಯಿ ತೀರಿಕೊಂಡ ವರ್ಷವೇ ಹುಟ್ಟಿದ ಮಗಳಿಗೆ ತಾಯಿಯ ಹೆಸರನ್ನೇ ಇಟ್ಟುಬಿಟ್ಟ. ಮಗು ನಾಳೆ ಆ ಹೆಸರು ಹೊತ್ತುಕೊಂಡು ಸ್ಕೂಲಿಗೆ ಹೋಗಬೇಕಲ್ಲ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಓರಗೆಯ ಹುಡುಗಿಯರೆಲ್ಲ ಶ್ವೇತಾ, ಪವಿತ್ರಾ, ರೂಪಾ ಆಗಿ ಓಡಾಡುತ್ತಿದ್ದಾಗ ಇವಳೊಬ್ಬಳು ಭದ್ರಮ್ಮ. ಹಾಜರಿ ಕೂಗಿದಾಗ ಕ್ಲಾಸೆಲ್ಲ ನಗುತ್ತಿತ್ತು, ನಕ್ಕವರ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹಾಗೆ ಗುದ್ದುತ್ತ ಗುದ್ದುತ್ತ ಅವಳು ಗೋಲಿ ಕಲಿತಳು, ಮರ ಹತ್ತುವುದು ಕಲಿತಳು, ಜಡೆಯ ತಾಪತ್ರಯವೇ ಬೇಡವೆಂದು ಕೂದಲು ಕತ್ತರಿಸಿಕೊಂಡಳು. "ಗಂಡುಬೀರಿ ಉಟ್ಟೈತೆ ನನ್ ಒಟ್ಟೇಲಿ," ಎಂದು ತಾಯಿ ಬೈಲಮ್ಮ ಹಣೆ ಚಚ್ಚಿಕೊಂಡರೆ, ಆಂಜಿನಪ್ಪ ಮೀಸೆಯಲ್ಲೇ ನಗುತ್ತಿದ್ದ. ಮಗಳು ಐಟಿಐ ಓದುತ್ತೇನೆ ಎಂದಾಗಲೂ ಹಾಗೆಯೇ ನಕ್ಕು ಸೇರಿಸಿ ಬಂದ.

ಹೀಗೆ ಭದ್ರಮ್ಮ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಬಂದು ಕೂತಳು. ಮೋಟರಿನ ಒಳಗೆ ಕೂರುವ, ಬಳೆಯಂಥ ಉಕ್ಕಿನ ಬುಷ್‌ಗಳು ಅಲ್ಲಿ ತಯಾರಾಗುತ್ತಿದ್ದವು. ಅವುಗಳ ತೂತಿನ ಅಳತೆ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕೊಂದು ಗೇಜು ಇರುತ್ತದೆ. ಗೇಜಿನ ಒಂದು ತುದಿಗೆ 'ಗೋ' ಎಂದು ಹೆಸರು, ಅದು ತೂತಿನೊಳಗೆ ಹೋಗಬೇಕು. ಇನ್ನೊಂದು ತುದಿ 'ನೋ-ಗೋ', ಅದು ಹೋಗಬಾರದು. ಹೋಗಬೇಕಾದ್ದು ಹೋಗದಿದ್ದರೂ ಹೋಗಬಾರದ್ದು ಹೋದರೂ ಮಾಲು ರಿಜೆಕ್ಟು, ಮೇಲೆ ಕೆಂಪು ಬಣ್ಣ. ಈ ಕೆಲಸದಲ್ಲಿ ಭದ್ರಮ್ಮ ಸ್ನೇಹಿತರ ಮುಖ ನೋಡಿದವಳಲ್ಲ, ಸೂಪರ್‌ವೈಸರ್ ಮುಖವನ್ನೂ ನೋಡಿದವಳಲ್ಲ.

ಸ್ನೇಹಿತರೆಂದರೆ ಮೂವರು. ಮಷಿನ್ ಓಡಿಸುವ ಶ್ರೀಧರ ಮಾಗಡಿ ಕಡೆಯವನು, ಬಾಯಿ ತೆರೆದರೆ ತಮಾಷೆ. ಅವನ ಪಕ್ಕದ ಮಷಿನ್ನಿನ ಮುತ್ತು ಹಾವೇರಿ ಕಡೆಯವನು, ಬಾಯಿ ತೆರೆಯುವುದೇ ಅಪರೂಪ. ಮಾಲು ಲೋಡ್ ಮಾಡಿಸುವ ಸಿದ್ರಾಮ ವಿಜಾಪುರದವನು, ಬಾಯಿ ಮುಚ್ಚುವುದೇ ಅಪರೂಪ. ಮೂವರೂ ಇದ್ದದ್ದು ಆಂಜಿನಪ್ಪನ ವಠಾರದಲ್ಲೇ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಂಜಿನಪ್ಪ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮೂಲೆಯ ಎರಡು ಕೋಣೆಯ ಮನೆಯಲ್ಲಿ ಶ್ರೀಧರ ಮತ್ತು ಅವನ ತಾಯಿ ಕೆಂಪಮ್ಮ, ಆ ಕಡೆ ಶೀಟಿನ ರೂಮಿನಲ್ಲಿ ಮುತ್ತು ಮತ್ತು ಸಿದ್ರಾಮ, ಎದುರಿಗೆ ಮಹಡಿಯ ಮೇಲೆ ಓನರ್ ಮಗಳು ಭದ್ರಮ್ಮ.

ಕೆಲಸದಿಂದ ಬಂದು ಕೈಕಾಲು ತೊಳೆದರೆ ನಾಲ್ವರೂ ಅಂಗಳದ ನೀರಿನ ಸಂಪಿನ ಮೇಲಿನ ಕಲ್ಲುಚಪ್ಪಡಿಗೆ ಹಾಜರು. ಅಲ್ಲಿ ನಡೆಯುತ್ತಿದ್ದದ್ದನ್ನು ಮಾತುಕತೆ ಎನ್ನುವಂತಿಲ್ಲ, ಅದು ದಿನಕ್ಕೊಂದು ಕಂತಿನ ನಾಟಕ. ವಠಾರದ ಹೆಂಗಸರು ಟಿವಿ ಆರಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಕಿವಿ ಇಟ್ಟು ಕೂರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಸಲ ಆಡಿದ್ದು ಬಸ್ಸಿನ ಪ್ರಸಂಗ. ಒಮ್ಮೆ ದಾಸರಹಳ್ಳಿಯಲ್ಲಿ ನಾಲ್ವರೂ ಬಸ್ ಹತ್ತಿದ್ದಾಗ, ಪ್ಯಾಂಟು, ಕಾರ್ಖಾನೆಯ ಶರ್ಟು, ತಲೆಗೊಂದು ಟೋಪಿ ಹಾಕಿ ಮುಂದಿನ ಸೀಟಿನಲ್ಲಿ ಕೂತಿದ್ದ ಭದ್ರಮ್ಮನ ಭುಜ ತಟ್ಟಿ ಕಂಡಕ್ಟರು, "ಸಾರ್, ಲೇಡೀಸ್ ಸೀಟು, ಎದ್ದೇಳಿ," ಎಂದಿದ್ದ. ಭದ್ರಮ್ಮ ಎದ್ದೇಬಿಟ್ಟಳು! ಎದ್ದು, "ಸಾರಿ ಗುರು" ಎಂದಳು. ಆ ಕಂಡಕ್ಟರನ ಪಾತ್ರ ಶ್ರೀಧರನದು.

"ಭದ್ರಣ್ಣಾ, ನಾ ಹೆಣ್ಮಗಳದೀನಿ ಅಂತ ಅಲ್ಲೇ ಹೇಳಬೇಕಿತ್ತಲ್ಲಲೇ!" ಎಂದು ಸಿದ್ರಾಮ ಪ್ರತಿ ಸಲವೂ ಕೇಳುತ್ತಿದ್ದ.

"ಪಾಪ, ಅವನಿಗೇ ಗೊತ್ತಿದ್ರೆ ತಾನೆ ಹೇಳೋದು," ಎಂದು ಶ್ರೀಧರ ಮುಗಿಸುತ್ತಿದ್ದ.

ಅವನಿಗೇ! ಆ ಗುಂಪಿನಲ್ಲಿ ಭದ್ರಮ್ಮ ಯಾವತ್ತೂ 'ಅವನು'. ಭದ್ರ ಬಂದ, ಭದ್ರ ಹೋದ, ಬಾರೋ, ಹೋಗೋ, ಕಣೋ, ಮಗಾ. ಕನ್ನಡ ಗಂಡಿಗೊಂದು ಹೆಣ್ಣಿಗೊಂದು ಕರೆ ಇಟ್ಟಿದೆ, ಎರಡನೆಯದು ಅವಳ ಪಾಲಿಗೆ ಬರಲೇ ಇಲ್ಲ. ಅವಳೂ ಅದನ್ನು ಕೇಳಲಿಲ್ಲ. ಕೇಳಿದರೆ ಸಂಪಿನ ಚಪ್ಪಡಿಯ ಮೇಲೆ ತನ್ನ ಜಾಗ ಉಳಿಯುತ್ತದೆಯೇ ಎಂಬ ಹೆದರಿಕೆ ಅವಳಿಗಿತ್ತು. ಮರ ಹತ್ತಲು ಹೆದರದವಳಿಗೆ ಇದೊಂದು ಹೆದರಿಕೆ.

ಯಾಕೆಂದರೆ ಭದ್ರಮ್ಮನಿಗೆ ಶ್ರೀಧರ ಬೇಕಾಗಿದ್ದ. ಸುತ್ತಿ ಬಳಸಿ ಹೇಳುವ ಮಾತೇ ಅಲ್ಲ ಇದು. ಬೈಕೆಂದರೆ ಅವನಿಗೆ ಭಯ, ಒಮ್ಮೆ ಬಿದ್ದ ಮೇಲೆ ಹ್ಯಾಂಡಲ್ ಮುಟ್ಟಿದವನಲ್ಲ. ಹಾಗಾಗಿ ಕೆಲಸಕ್ಕೆ ಅವಳು ಓಡಿಸುವುದು, ಅವನು ಹಿಂದೆ ಕೂರುವುದು. ತುಮಕೂರು ರಸ್ತೆಯಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಲಾರಿಯೊಂದು ಪಕ್ಕಕ್ಕೆ ಬಂದರೆ ಸಾಕು, ಅವನ ಕೈ ಅವಳ ಭುಜವನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ಎಂಥ ಸಂದಿಯಲ್ಲೂ ನುಗ್ಗಿಸಿಕೊಂಡು ಹೋಗಬಲ್ಲ ಭದ್ರಮ್ಮ ಅವನನ್ನು ಕೂರಿಸಿಕೊಂಡಾಗ ಮಾತ್ರ ಲಾರಿಗಳ ಹಿಂದೆ ನಿಧಾನವಾಗಿ ಹೋಗುತ್ತಿದ್ದಳು. "ನೀನು ಸೇಫಾಗಿ ಓಡಿಸ್ತೀಯ ಕಣೋ," ಎಂದು ಅವನು ಮೆಚ್ಚುತ್ತಿದ್ದ. ದಡ್ಡ.

ಅಡ್ಡಿ ಏನಿತ್ತು ಎಂದು ಕೇಳಿದರೆ, ಏನೂ ಇರಲಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ಜಾತಿ ಒಂದೇ, ಮನೆದೇವರು ಬೇರೆ, ಊರು ಹತ್ತಿರ, ಎರಡೂ ತಾಯಂದಿರು ಒಂದೇ ಒರಳಿನಲ್ಲಿ ಖಾರ ರುಬ್ಬುವವರು. ಕೆಂಪಮ್ಮ ಮಗನಿಗೆ ಹೆಣ್ಣು ಬೇಕೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು, ಭದ್ರಮ್ಮನಿಗೂ ಹೇಳಿದ್ದಳು. "ನಿಮ್ ಫ್ಯಾಕ್ಟ್ರೀಲಿ ಯಾವ್ದಾದ್ರೂ ಒಳ್ಳೆ ಉಡ್ಗಿ ಇದ್ರೆ ನೋಡವ್ವ." ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆಯುಧಪೂಜೆ ಕಳೆಯಲಿ, ಹೇಳಿಬಿಡುತ್ತೇನೆ ಎಂದು ಭದ್ರಮ್ಮ ಮನಸ್ಸಿನಲ್ಲೇ ಮುಹೂರ್ತ ಇಟ್ಟುಕೊಂಡಿದ್ದಳು. ಹೇಗೆ ಹೇಳುವುದೆಂದು ಗೇಜು ಹಿಡಿದ ಕೈಯಲ್ಲೇ ಲೆಕ್ಕ ಹಾಕುತ್ತಿದ್ದಳು. ನಗುತ್ತ ಹೇಳಿದರೆ ಅವನೂ ನಗುತ್ತಾನೆ. ಗಂಭೀರವಾಗಿ ಹೇಳಿದರೆ ಇನ್ನೂ ಜೋರಾಗಿ ನಗುತ್ತಾನೆ. ಆಯುಧಪೂಜೆಯ ದಿನ ಮಷಿನ್ನುಗಳಿಗೆಲ್ಲ ಹೂವು ಮುಡಿಸಿ, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚಿದ ಮೇಲೆ ಅವಳು ಅವನನ್ನು ಹುಡುಕಿಕೊಂಡು ಹೋದಳು. ಅವನೇ ಎದುರು ಬಂದ.

"ಮಗಾ, ಭಾನುವಾರ ಫ್ರೀನಾ? ಕುದೂರು ಹತ್ರ ಒಂದೂರಿಗೆ ಹೆಣ್ಣು ನೋಡೋಕೆ ಹೋಗ್ಬೇಕು. ನೀನಿಲ್ದೆ ನಾನು ಹೋಗಲ್ಲ. ಶರ್ಟಿಂದ ಮೊಬೈಲ್ ತನಕ ನೀನು ಓಕೆ ಅನ್ದೆ ನಾನು ಏನು ತಗೊಂಡಿದೀನಿ ಹೇಳು?"

ಕಡಲೆಪುರಿಯ ಪೊಟ್ಟಣವನ್ನು ಅವನ ಕೈಗೆ ಕೊಟ್ಟು ಭದ್ರಮ್ಮ, "ಫ್ರೀ ಕಣೋ," ಎಂದಳು.

ಭಾನುವಾರ ಮುತ್ತು ಎಲ್ಲಿಂದಲೋ ಒಂದು ವ್ಯಾನು ತಂದ. ಕೆಂಪಮ್ಮ ಮುಂದೆ, ಉಳಿದವರು ಹಿಂದೆ. ಹೆಣ್ಣಿನ ಮನೆಯಲ್ಲಿ ಚಾಪೆ ಹಾಸಿ ಜನ ಸಾಲಾಗಿ ಕೂತಿದ್ದರು. ಅವರಿಗೆ ಹೋಗಿದ್ದ ಸುದ್ದಿ, ಹುಡುಗ, ಹುಡುಗನ ತಾಯಿ, ಮೂವರು ಸ್ನೇಹಿತರು ಎಂದು. ಸ್ನೇಹಿತರಲ್ಲಿ ಭದ್ರ ಎನ್ನುವವನು ಒಪ್ಪಿದರೆ ಹುಡುಗ ಒಪ್ಪಿದ ಹಾಗೆಯೇ ಎಂದು ಶ್ರೀಧರನೇ ಫೋನಿನಲ್ಲಿ ಹೇಳಿದ್ದನಂತೆ. ಭದ್ರನಿಗಾಗಿ ಅವರು ಗಂಡಸರ ಸಾಲಿನಲ್ಲೇ ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ಪ್ಯಾಂಟು ಹಾಕಿದ ಹೆಣ್ಣುಮಗಳೊಬ್ಬಳು ಚಕ್ಕಳಮಕ್ಕಳ ಹಾಕಿ ಕೂತಾಗ ಇಡೀ ಸಾಲು ಅತ್ತ ತಿರುಗಿತು. ಹುಡುಗಿಯ ತಾತ ದೊಡ್ಡಮುನಿಯಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದ.

"ಈಯಮ್ಮ ಯಾರು, ಗೊತ್ತಾಗ್ಲಿಲ್ವಲ್ಲ?"

ಯಾರು? ಸಿದ್ರಾಮ, "ಇಂವ ನಮ್ಮ..." ಎಂದು ಶುರು ಮಾಡಿ ಅಲ್ಲೇ ನುಂಗಿಕೊಂಡ. ಗೆಳತಿ ಎಂದರೆ ಆ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ. ಫ್ರೆಂಡು ಎಂದರೆ ಇನ್ನೂ ಕೆಟ್ಟದ್ದು. ಓನರ್ ಮಗಳು ಎಂದರೆ, ಓನರ್ ಮಗಳಿಗೆ ಬಾಡಿಗೆಯವನ ಹೆಣ್ಣು ನೋಡುವ ಶಾಸ್ತ್ರದಲ್ಲಿ ಏನು ಕೆಲಸ? ಅಷ್ಟು ಜನರ ನಡುವೆ, ಅಷ್ಟು ದೊಡ್ಡ ಕನ್ನಡದಲ್ಲಿ, ಅವಳಿಗೊಂದು ಹೆಸರಿರಲಿಲ್ಲ. ಕೆಂಪಮ್ಮನ ಮುಖ ಬಿಳಿಚಿಕೊಂಡಿತು. ಭದ್ರಮ್ಮ ಶ್ರೀಧರನನ್ನೇ ನೋಡುತ್ತಿದ್ದಳು. ಅವನ ಬಾಯಿಂದ ಏನು ಬರುತ್ತದೆಂದು ಅಲ್ಲಿ ಅವಳಷ್ಟು ಆಸೆಯಿಂದ ಕಾಯುತ್ತಿದ್ದವರು ಯಾರೂ ಇರಲಿಲ್ಲ.

"ತಂಗಿ," ಎಂದ ಶ್ರೀಧರ. ಆಮೇಲೆ ಗಂಟಲು ಸರಿಮಾಡಿಕೊಂಡು, "ತಂಗಿ ಇದ್ದಂಗೆ," ಎಂದ.

ಎಲ್ಲರ ಉಸಿರೂ ಸಲೀಸಾಯಿತು. "ಅಂಗನ್ನಿ ಮತ್ತೆ!" ಎಂದು ದೊಡ್ಡಮುನಿಯಪ್ಪ ನಕ್ಕ. ಹೆಂಗಸರು ಬಂದು ಭದ್ರಮ್ಮನನ್ನು ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು. ಅಷ್ಟರಲ್ಲೇ 'ಇದ್ದಂಗೆ' ಉದುರಿಹೋಗಿತ್ತು. ಅಡುಗೆಮನೆಯಲ್ಲಿ ಅವಳು ಹುಡುಗನ ತಂಗಿ, ಅಷ್ಟೇ.

ಅಲ್ಲಿ ಅವರು ನೋಡಲು ಬಂದಿದ್ದ ಹುಡುಗಿ ಯಮುನಾ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ತೆಳ್ಳಗಿದ್ದಳು, ಪಿಯುಸಿ ಮುಗಿಸಿದ್ದಳು. "ಅಕ್ಕ, ಒಂಚೂರು ರುಚಿ ನೋಡ್ತೀರಾ? ಅವರಿಗೆ ಸಕ್ಕರೆ ಜಾಸ್ತಿ ಬೇಕಾ, ಕಮ್ಮಿ ಬೇಕಾ, ನಿಮಗೆ ಗೊತ್ತಿರುತ್ತೆ," ಎಂದು ಪಿಸುಗುಟ್ಟಿದಳು. ಭದ್ರಮ್ಮನಿಗೆ ಗೊತ್ತಿತ್ತು. "ಇನ್ನೊಂದ್ ಚಮಚ ಹಾಕಮ್ಮ," ಎಂದಳು. ಯಮುನಾ ಹಾಕಿದಳು, ಹಾಕಿ, "ನೀವು ಬಂದಿದ್ದು ಒಳ್ಳೇದಾಯ್ತು, ನಂಗೆ ತುಂಬ ಭಯ ಆಗಿತ್ತು," ಎಂದು ನಕ್ಕಳು. ಭದ್ರಮ್ಮನ ಹಣೆಬರಹ ನೋಡಿ, ಆ ಹುಡುಗಿ ಅವಳಿಗೆ ಇಷ್ಟವಾಗಿಬಿಟ್ಟಳು. ದ್ವೇಷಿಸಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು, ಏನೂ ಸಿಗಲಿಲ್ಲ.

ಊಟ ಮುಗಿದ ಮೇಲೆ ಶ್ರೀಧರ ಅವಳನ್ನು ವ್ಯಾನಿನ ಹಿಂದಕ್ಕೆ ಕರೆದ. ಎದುರಿಗೆ ಹುರುಳಿ ಹೊಲ, ಪಕ್ಕದಲ್ಲಿ ಎಲೆ ಹಾಕಿಕೊಳ್ಳುತ್ತಿದ್ದ ಸಿದ್ರಾಮ, ಟೈರಿಗೆ ಒರಗಿದ್ದ ಮುತ್ತು.

"ಹೇಳೋ ಮಗಾ. ಗೋನಾ, ನೋ-ಗೋನಾ?"

"ಮದುವೆ ಆಗೋನು ನೀನು. ನನ್ನ ಯಾಕೆ ಕೇಳ್ತೀಯ?"

"ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ನೀನು ನೋ-ಗೋ ಅಂದ್ರೆ ಇಲ್ಲಿಂದ್ಲೇ ವಾಪಸ್. ಅಮ್ಮಂಗೆ ಏನೋ ಒಂದು ಹೇಳ್ಕೊತೀನಿ. ಮುಖ ನೋಡಿ ಹೇಳು."

ಅವಳು ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಅವಳ ಒಂದು ಮಾತಿಗೆ ಅವನ ಮದುವೆ ನಿಲ್ಲುತ್ತಿತ್ತು. ಹಲ್ಲು ಉಬ್ಬು ಎನ್ನಬಹುದಿತ್ತು, ಜಂಬ ಜಾಸ್ತಿ ಎನ್ನಬಹುದಿತ್ತು, ಯಾಕೋ ಮನಸ್ಸಿಗೆ ಬರಲಿಲ್ಲ ಎಂದಿದ್ದರೂ ಸಾಕಿತ್ತು, ಅವನು ವ್ಯಾನು ಹತ್ತುತ್ತಿದ್ದ. ಆದರೆ ಸರಿಯಿರುವ ಮಾಲಿಗೆ ಕೆಂಪು ಬಳಿಯುವ ಕೈ ಅವಳದಲ್ಲ. ಒಳಗೆ ಸಕ್ಕರೆ ಎಷ್ಟು ಹಾಕಲೆಂದು ಕೇಳಿದ್ದ ಆ ಹುಡುಗಿಯ ಮೇಲೆ ಸುಳ್ಳು ಹೇಳಿ ಅವನನ್ನು ಉಳಿಸಿಕೊಂಡರೆ, ಆಮೇಲೆ ಅವನ ಮುಖ ನೋಡುವುದು ಹೇಗೆ? ತನ್ನ ಮುಖವನ್ನು ತಾನು ನೋಡಿಕೊಳ್ಳುವುದು ಹೇಗೆ?

"ಗೋ ಕಣೋ," ಎಂದಳು. "ಒಳ್ಳೆ ಹುಡುಗಿ. ಕಣ್ಮುಚ್ಚಿ ಆಗು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶ್ರೀಧರ ಅವಳ ಬೆನ್ನಿಗೆ ಫಟೀರನೆ ಹೊಡೆದು, "ನೀನು ಹೇಳಿದ್ಮೇಲೆ ಮುಗೀತು ಮಗಾ," ಎಂದು ಕುಣಿಯುತ್ತ ಒಳಗೋಡಿದ. ಸಿದ್ರಾಮ ಅವನ ಹಿಂದೆಯೇ ಓಡಿದ. ಮುತ್ತು ಟೈರು ಬಿಟ್ಟು ಮೇಲೇಳಲಿಲ್ಲ.

"ನೀ ಖರೇನ ಹೂಂ ಅಂದ್ಯಾ?" ಎಂದು ಕೇಳಿದ.

"ಹುಡುಗಿ ಚೆನ್ನಾಗಿದಾಳೆ. ಸುಳ್ಳು ಹೇಳ್ಲಾ?"

"ನಾ ಹುಡುಗಿ ವಿಷಯ ಕೇಳಲಿಲ್ಲ."

"ನೀನು ಏನು ಕೇಳ್ದೆ ಅಂತ ನಂಗೆ ಗೊತ್ತಾಯ್ತು ಮುತ್ತು. ಇನ್ನೊಂದ್ಸಲ ಕೇಳ್ಬೇಡ."

ಮುತ್ತು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ.

ಒಂದು ಸಲ ತಂಗಿಯಾದ ಮೇಲೆ ಅದರಿಂದ ಬಿಡುಗಡೆ ಇಲ್ಲ. ನಿಶ್ಚಿತಾರ್ಥದ ದಿನ ಕಳಸ ಹಿಡಿಯುವವರು ಯಾರು ಎಂಬ ಮಾತು ಬಂತು. ಈ ಕಡೆಯ ಮದುವೆಗಳಲ್ಲಿ ಗಂಡಿನ ಪಕ್ಕ ಅವನ ಅಕ್ಕನೋ ತಂಗಿಯೋ ಕಳಸ ಹಿಡಿದು ನಿಲ್ಲಬೇಕು. ಅವಳಿಗೆ ಕಳಸಗಿತ್ತಿ ಎಂದು ಹೆಸರು. ಚಪ್ಪರದಿಂದ ಧಾರೆಯ ತನಕ, ಧಾರೆಯಿಂದ ಮನೆ ತುಂಬುವ ತನಕ ಅವಳು ಅವನನ್ನು ಬಿಟ್ಟು ಕದಲುವಂತಿಲ್ಲ. ಶ್ರೀಧರನಿಗೆ ಒಡಹುಟ್ಟಿದವರಿಲ್ಲ. ಕೆಂಪಮ್ಮ ದೂರದ ಸಂಬಂಧದ ಹುಡುಗಿಯೊಬ್ಬಳ ಹೆಸರು ಹೇಳುವಷ್ಟರಲ್ಲಿ ದೊಡ್ಡಮುನಿಯಪ್ಪ, "ಮನೇಲೇ ತಂಗಿ ಇರ್ಬೇಕಾದ್ರೆ ಊರೋರ್ನ ಯಾಕ್ರಮ್ಮ ಕರೀತೀರಿ?" ಎಂದುಬಿಟ್ಟ.

ಆ ಸಂಜೆ ಸಂಪಿನ ಮೇಲೆ ನಾಟಕವೋ ನಾಟಕ. "ಕಳಸಗಿತ್ತಿ ಅಲ್ಲಲೇ, ಕಳಸಗಿತ್ತ!" ಎಂದು ಸಿದ್ರಾಮ ನೀರಿನ ಚೊಂಬು ಹಿಡಿದು ಸೊಂಟ ಕುಣಿಸಿದ. ಬಟ್ಟೆ ಒಗೆಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶ್ರೀಧರ ಮಾತ್ರ ಎಂದೂ ಇಲ್ಲದವನಂತೆ ಮೆತ್ತಗಾಗಿ ಅವಳ ಪಕ್ಕ ಕೂತ.

"ಸೀರೆ ಉಡಬೇಕು ಮಗಾ. ನಿಂಗೆ ಹಿಂಸೆ ಅಂತ ಗೊತ್ತು. ನನಗೋಸ್ಕರ ಮಾಡ್ತೀಯಾ?"

ನಿನಗೋಸ್ಕರ ಸೀರೆ ಉಡಲು ನಾನು ಒಲ್ಲೆ ಎಂದದ್ದು ಯಾವಾಗ ಎಂದು ಅವಳ ಗಂಟಲ ತನಕ ಬಂತು. "ಮದುವೆ ಊಟದಲ್ಲಿ ಎರಡು ಹೋಳಿಗೆ ಜಾಸ್ತಿ ಹಾಕಿಸ್ಬೇಕು, ಅಷ್ಟೇ," ಎಂದಳು.

ಮದುವೆಯ ಬೆಳಿಗ್ಗೆ ಸೀರೆ ಉಡಿಸಿದ್ದು ತಾಯಿ ಬೈಲಮ್ಮ. ತನ್ನದೇ ಪೆಟ್ಟಿಗೆಯಿಂದ ತೆಗೆದ ಹಸಿರು ರೇಷ್ಮೆ. ಬಾಯಿಯಲ್ಲಿ ಪಿನ್ನು ಕಚ್ಚಿಕೊಂಡು ಮಾತಿಲ್ಲದೆ ನೆರಿಗೆ ಹಿಡಿದಳು, ಸೆರಗು ಕೂರಿಸಿದಳು, ಕುತ್ತಿಗೆಯ ತನಕ ಮಾತ್ರ ಇದ್ದ ಕೂದಲಿಗೆ ಹೇಗೋ ಹೂವು ನಿಲ್ಲಿಸಿದಳು. ಆಮೇಲೆ ಹಿಂದೆ ಸರಿದು ಮಗಳನ್ನು ನೋಡಿದವಳ ಕಣ್ಣು ತುಂಬಿಕೊಂಡವು.

"ಯಾವತ್ತಾದ್ರೂ ಉಡ್ತೀಯ ಅಂತ ಇಟ್ಟಿದ್ದೆ ಕಣವ್ವ. ಇದಕ್ಕಲ್ಲ," ಎಂದಳು. "ಅವನ್ಗೊಂದ್ ಮಾತ್ ಏಳಿದ್ರೆ ನಿನ್ ಗಂಟೇನ್ ಓಗ್ತಿತ್ತು?"

ತಾಯಿಗೆ ಗೊತ್ತಿತ್ತು! ಗಂಡುಬೀರಿ ಎಂದು ದಿನವೂ ಬೈಯುತ್ತಿದ್ದವಳೊಬ್ಬಳೇ ಅವಳನ್ನು ಹೆಣ್ಣೆಂದು ನೋಡಿದ್ದಳು. ಭದ್ರಮ್ಮ ಆ ಕ್ಷಣ ತಾಯಿಯ ಹೆಗಲ ಮೇಲೆ ಬಿದ್ದು ಅಳಬಹುದಿತ್ತು. ಆದರೆ ಕಣ್ಣಿಗೆ ಕಾಡಿಗೆ ಹಚ್ಚಿಯಾಗಿತ್ತು, ಕೆಳಗೆ ಸಿದ್ರಾಮ ಹಾರ್ನ್ ಹೊಡೆಯುತ್ತಿದ್ದ. "ಸುಮ್ನಿರವ್ವ," ಎಂದು ಇಳಿದುಹೋದಳು.

ನೆಲಮಂಗಲದ ಕಲ್ಯಾಣ ಮಂಟಪದಲ್ಲಿ ಅವಳು ಕಳಸದ ತೆಂಗಿನಕಾಯಿ ಸರಿಮಾಡುತ್ತ ಬೆನ್ನು ಹಾಕಿ ನಿಂತಿದ್ದಾಗ ಹಿಂದಿನಿಂದ ಶ್ರೀಧರನ ದನಿ ಬಂತು. "ಮೇಡಂ, ಸ್ವಲ್ಪ ದಾರಿ ಬಿಡಿ." ಅವಳು ತಿರುಗಿದಳು. ಪೇಟ, ಬಾಸಿಂಗ, ಕೆನ್ನೆಗೆ ಇಟ್ಟ ಕಪ್ಪು ಬೊಟ್ಟಿನಲ್ಲಿ ಅವನು ನಿಂತಿದ್ದ. ಅವನ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ಅಷ್ಟು ಹೊತ್ತು ಅವನು ಯಾವತ್ತೂ ಅವಳನ್ನು ನೋಡಿರಲಿಲ್ಲ. ಈಗ, ಈಗಲಾದರೂ ಏನಾದರೂ ಅನ್ನು ಎಂದು ಅವಳು ಕಾದಳು.

"ಲೋ ಭದ್ರ," ಎಂದ ಅವನು. "ಥೇಟ್ ಹುಡುಗಿ ಥರಾನೇ ಕಾಣ್ತಿದೀಯಲ್ಲೋ!"

ಅವಳು ನಕ್ಕಳು. ನಗದೆ ಏನು ಮಾಡಬೇಕಿತ್ತು? ಆಮೇಲೆ ಮಧ್ಯಾಹ್ನದ ತನಕ ಕಳಸ ಹಿಡಿದು ಅವನ ಪಕ್ಕದಲ್ಲೇ ನಿಂತಳು. ತಾಳಿ ಕಟ್ಟುವಾಗ ನಿಂತಳು, ಧಾರೆ ಎರೆಯುವಾಗ ನಿಂತಳು, ಅವನ ಪೇಟ ಜಾರಿದರೆ ಸರಿಮಾಡಿದಳು. ಬಂದವರೆಲ್ಲ ಗಂಡು ಹೆಣ್ಣಿನ ತಲೆಗೆ ಅಕ್ಷತೆ ಹಾಕಿ, ನಾಕು ಕಾಳು ಅವಳ ತಲೆಗೂ ಎಸೆದು ಹೋದರು.

ಸಂಜೆ ಮಾಕಳಿಗೆ ಬಂದು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ವಠಾರವೇ ಅಂಗಳದಲ್ಲಿತ್ತು. ಮೂಲೆಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಕೆಂಪಮ್ಮನ ಕೈಯಲ್ಲಿ ಆರತಿ. ಕಳಸಗಿತ್ತಿಗೆ ಇನ್ನೊಂದು ಶಾಸ್ತ್ರ ಬಾಕಿಯಿತ್ತು. ಅಣ್ಣ ಹೆಂಡತಿಯನ್ನು ಕರೆದುಕೊಂಡು ಬಂದಾಗ ತಂಗಿ ಬಾಗಿಲಿಗೆ ಅಡ್ಡ ನಿಲ್ಲಬೇಕು. "ನಿನಗೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀಯಾ?" ಎಂದು ಕೇಳಬೇಕು. ಕೊಡುತ್ತೇನೆ ಎಂದು ಅತ್ತಿಗೆ ಮಾತು ಕೊಟ್ಟ ಮೇಲೆಯೇ ದಾರಿ. ಒಂದಿಷ್ಟು ಕೀಟಲೆ, ಒಂದಿಷ್ಟು ಚೌಕಾಸಿ, ಎಲ್ಲರಿಗೂ ನಗು.

"ಬಿಡಬ್ಯಾಡಲೇ ಭದ್ರಣ್ಣಾ! ಮೊದಲ ಮಾತು ತಗೋ!" ಎಂದು ಸಿದ್ರಾಮ ಕೂಗಿದ.

ಭದ್ರಮ್ಮ ಹೊಸ್ತಿಲ ಒಳಗೆ ನಿಂತು ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಇಟ್ಟಳು. ಎದುರಿಗೆ ಶ್ರೀಧರ, ಅವನ ಕಿರುಬೆರಳು ಹಿಡಿದುಕೊಂಡು ತಲೆ ತಗ್ಗಿಸಿದ ಯಮುನಾ. ಕೇಳಬೇಕಾದ ಮಾತು ಅವಳಿಗೆ ಬಾಯಿಪಾಠವಾಗಿತ್ತು, ಕೆಂಪಮ್ಮ ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು. ಆದರೆ ಬಾಯಿ ಬರಲಿಲ್ಲ. ಈ ಕೈ ತೆಗೆದರೆ ಮುಗಿಯಿತು ಎಂಬುದು ಅವಳಿಗೆ ಆಗ ಹೊಳೆಯಿತು. ಕೈ ಇರುವ ತನಕ ಅವರು ಹೊರಗೆ, ಕೈ ತೆಗೆದ ಮೇಲೆ ಒಳಗೆ. ಎದುರು ಮಹಡಿಯಿಂದ ದಿನವೂ ಕಾಣುವ ಮನೆಯೊಳಗೆ, ಇನ್ನು ಯಾವತ್ತಿಗೂ. ತೋಳು ಚೌಕಟ್ಟು ಬಿಡಲು ಒಪ್ಪಲಿಲ್ಲ.

ಚೆನ್ನಾಗಿ ಆಟ ಆಡಿಸುತ್ತಿದ್ದಾಳೆ ಎಂದುಕೊಂಡು ಜನ ನಗುತ್ತಿದ್ದರು.

"ಅದೇನು ಬೇಕೋ ಕೇಳೋ ಮಗಾ," ಎಂದ ಶ್ರೀಧರ. "ಕಾಲು ನೋಯ್ತಾ ಇದೆ. ಏನ್ ಕೇಳಿದ್ರೂ ಕೊಡ್ತಾಳೆ."

ಭದ್ರಮ್ಮ ಯಮುನಾಳನ್ನು ನೋಡಿದಳು. ಅವಳ ಬಾಯಿಂದ ಮಾತು ತಾನಾಗಿಯೇ ಬಂತು, ಗಟ್ಟಿಯಾಗಿ, ಅಂಗಳದ ಆ ತುದಿಗೂ ಕೇಳುವ ಹಾಗೆ.

"ನಿನ್ನ ಗಂಡನ್ನ ಕೊಟ್ಬಿಡು."

ಇಡೀ ವಠಾರ ಬಿದ್ದು ಬಿದ್ದು ನಕ್ಕಿತು. ಸಿದ್ರಾಮ ಸಂಪಿನ ಮೇಲೆ ಕೂತು ತೊಡೆ ಬಡಿದುಕೊಂಡ. ಕೆಂಪಮ್ಮನ ಆರತಿ ತಟ್ಟೆ ಕುಲುಕಿ ನೀರು ಚೆಲ್ಲಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಶ್ರೀಧರ, ನಕ್ಕು ನಕ್ಕು ಪೇಟ ಕೆಳಗೆ ಬಿತ್ತು. ಯಮುನಾ ಕೂಡ ಬೆಳಿಗ್ಗೆಯಿಂದ ಮೊದಲ ಸಲ ತಲೆಯೆತ್ತಿ ನಕ್ಕಳು.

"ತಗೊಳ್ಳಿ ಅಕ್ಕ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಮೊದ್ಲಿಂದ್ಲೂ ನಿಮ್ಮೋರೇ ತಾನೆ. ನಾನೇ ಮಧ್ಯ ಬಂದೋಳು."

ಮತ್ತೆ ನಗು. ಆ ನಗುವಿನ ನಡುವೆ ಬೈಲಮ್ಮ ಜನರನ್ನು ಸರಿಸಿಕೊಂಡು ಹೊಸ್ತಿಲ ಹತ್ತಿರ ಬಂದಳು. ಚೌಕಟ್ಟು ಹಿಡಿದಿದ್ದ ಮಗಳ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

"ಸಾಕು ಬುಡವ್ವ," ಎಂದಳು ಮೆಲ್ಲಗೆ. "ದಾರಿ ಬುಡು."

ಭದ್ರಮ್ಮ ಕೈ ತೆಗೆದಳು. ಹೆಣ್ಣು ಹುಟ್ಟಿದರೆ ಕೊಡುತ್ತೇನೆ ಎಂದು, ಯಾರೂ ಕೇಳದೆಯೇ ಯಮುನಾ ಮಾತು ಕೊಟ್ಟು, ಬಲಗಾಲಿನಿಂದ ಸೇರು ಉರುಳಿಸಿ ಒಳಗೆ ಬಂದಳು. ಅಕ್ಕಿ ಭದ್ರಮ್ಮನ ಪಾದದ ಮೇಲೆಲ್ಲ ಚೆಲ್ಲಿತು. ಅಂಗಳದಲ್ಲಿ ಎಲ್ಲರೂ ಇನ್ನೂ ನಗುತ್ತಿದ್ದರು, ಮುತ್ತು ಎಲ್ಲಿಯೂ ಕಾಣಲಿಲ್ಲ.

ಮುಂದಿನ ವರ್ಷ ಯಮುನಾಳಿಗೆ ಹೆಣ್ಣುಮಗುವೇ ಹುಟ್ಟಿತು. ಮೂಲೆಮನೆಯಲ್ಲಿ ನಡೆದ ನಾಮಕರಣಕ್ಕೆ ಕುದೂರಿನ ಕಡೆಯಿಂದ ಹೊಸ ನೆಂಟರು ಬಂದಿದ್ದರು. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಭದ್ರಮ್ಮ ಹೇಳಿದಳು. ಊಟವಾಗಿ ಎಲ್ಲರೂ ನಡುಮನೆಯಲ್ಲಿ ಎಲೆಅಡಿಕೆಗೆ ಕೂತಾಗ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅಪ್ಪನದೇ ಮೂಗು, ಅಪ್ಪನದೇ ಹಣೆ. ಆ ಹಣೆಯ ಮೇಲೆ ಅವಳು ಒಂದು ಬೆರಳು ಆಡಿಸುತ್ತ ಕೂತಿದ್ದಳು. ಅಷ್ಟು ಹೊತ್ತು ಅವಳ ಮನಸ್ಸು ತಣ್ಣಗಿತ್ತು.

"ನಮ್ಮ ಭದ್ರ ಮದುವೆ ದಿನ ಬಾಗಿಲಲ್ಲಿ ಏನಂದ ಗೊತ್ತಾ ನಿಮಗೆ?" ಎಂದು ಶ್ರೀಧರ ಹೊಸ ನೆಂಟರಿಗೆ ಶುರು ಮಾಡಿದ. ವರ್ಷದಿಂದ ಆ ಕತೆ ಕಾರ್ಖಾನೆಯಲ್ಲಿ, ಟೀ ಅಂಗಡಿಯಲ್ಲಿ, ಸಂಪಿನ ಮೇಲೆ ಎಷ್ಟು ಸಲ ಆಗಿತ್ತೋ, ಬಸ್ಸಿನ ಪ್ರಸಂಗವನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಮುತ್ತು ಎದ್ದು ನೀರು ತರುವ ನೆವದಲ್ಲಿ ಹೊರಗೆ ಹೋದ.

ಶ್ರೀಧರ ಅರ್ಧಕ್ಕೇ ನಿಲ್ಲಿಸಿದ. "ಬೇಡ ಬೇಡ, ನಾನು ಹೇಳಿದ್ರೆ ಮಜಾ ಬರಲ್ಲ. ನೀನೇ ಮಾಡಿ ತೋರ್ಸೋ ಮಗಾ. ಆ ಬಾಗಿಲಲ್ಲೇ ನಿಂತ್ಕೊಂಡು ಮಾಡು."

ಯಮುನಾ ನಗುತ್ತ ಬಂದು ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡಳು. ಎಲ್ಲರೂ ಅವಳ ಕಡೆಗೆ ತಿರುಗಿ ಕೂತರು.

ಭದ್ರಮ್ಮ ಎದ್ದಳು. ಬಾಗಿಲ ಹತ್ತಿರ ಹೋಗಿ ಚೌಕಟ್ಟಿಗೆ ಕೈ ಅಡ್ಡ ಇಟ್ಟಳು, ಶ್ರೀಧರನ ಮುಖ ನೋಡಿದಳು, ಆ ಮಾತು ಹೇಳಿದಳು. ಎಲ್ಲರೂ ನಕ್ಕರು.